ಕಣ್ಣಷ್ಟೇ ನನ್ನದಾಗಿದ್ದ ದಿನಗಳು

ಬ್ರೇಕ್ ತುಳಿದೆ. ತುಳಿದೆನೋ ಇಲ್ಲವೋ ಗೊತ್ತಾಗಲಿಲ್ಲ.

ಶಿರಗುಪ್ಪಿಯಿಂದ ಹುಬ್ಬಳ್ಳಿಗೆ ಮರಳುವ ಮಧ್ಯಾಹ್ನದ ಟ್ರಿಪ್. ಬಸ್ಸಿನ ತುಂಬ ಜನ. ಮುಂದೆ ಹತ್ತಿ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ದಿಢೀರನೆ ನಿಂತಿತು. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನು ನಾನು. ಅಂಥ ಹೊತ್ತಿನಲ್ಲಿ ಕಾಲು ತಾನೇ ಕೆಲಸ ಮಾಡಿಬಿಡುತ್ತದೆ, ತಲೆಗೆ ಸುದ್ದಿ ಆಮೇಲೆ ಮುಟ್ಟುತ್ತದೆ. ಅವತ್ತೂ ಕಾಲು ಹೋಯಿತು. ಆದರೆ ದಪ್ಪ ಕೌದಿಯ ಮೇಲೆ ಇಟ್ಟ ಹಾಗಿತ್ತು. ಪೆಡಲ್ ಎಷ್ಟು ಇಳಿಯಿತು, ಇಳಿಯಿತೋ ಇಲ್ಲವೋ, ಒಂದೂ ತಿಳಿಯಲಿಲ್ಲ. ಸೀಟಿನಿಂದ ಅರ್ಧ ಎದ್ದು ಇಡೀ ಮೈಭಾರ ಹಾಕಿದೆ.

ಬಸ್ಸು ನಿಂತಿತು. ಟ್ರ್ಯಾಕ್ಟರಿನ ಹತ್ತಿ ನಮ್ಮ ಗಾಜಿಗೆ ಮುಟ್ಟುವಷ್ಟು ಹತ್ತಿರದಲ್ಲಿತ್ತು.

ಕಂಡಕ್ಟರ್ ಇಮಾಮಸಾಬ ಹಿಂದಿನಿಂದ ಜನರನ್ನು ಸರಿಸಿಕೊಂಡು ಬಂದ. "ಏನಾತು ಪರಸಣ್ಣ? ನಿದ್ದಿ ಹತ್ತಿತ್ತೇನ?"

"ಇಲ್ಲೋ. ಕಾಲು ಜೋಮು ಹಿಡದಾವು."

ಎರಡು ದಿನದಿಂದ ಪಾದಗಳಲ್ಲಿ ಇರುವೆ ಹರಿದಂತೆ ಆಗುತ್ತಿತ್ತು. ಕುಳಿತು ಕುಳಿತು ಹೀಗಾಗಿದೆ ಎಂದುಕೊಂಡಿದ್ದೆ. ಈಗ ಬಸ್ಸನ್ನು ಮುಂದೆ ಓಡಿಸುವ ಧೈರ್ಯ ಬರಲಿಲ್ಲ. ರಸ್ತೆ ಪಕ್ಕಕ್ಕೆ ಹಚ್ಚಿ, ಜನರನ್ನು ಇನ್ನೊಂದು ಬಸ್ಸಿಗೆ ಹತ್ತಿಸು ಎಂದು ಇಮಾಮಸಾಬನಿಗೆ ಹೇಳಿದೆ. ಜನ ಬೈದುಕೊಳ್ಳುತ್ತಲೇ ಇಳಿದರು. ಎಲ್ಲರೂ ಇಳಿದ ಮೇಲೆ ನಾನೂ ಇಳಿಯಲು ಹೋದೆ.

ಮೊಣಕಾಲು ಮಡಚಿಕೊಂಡು ನೆಲಕ್ಕೆ ಬಿದ್ದೆ. ಏಳಲು ಬರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಗೆ ಇಮಾಮಸಾಬನೇ ಆಟೋದಲ್ಲಿ ಕರೆದೊಯ್ದ. ನನ್ನ ಹೆಂಡತಿ ರೇಣುಕಾ ಸುಳ್ಳ ಎಂಬ ಊರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರ್. ಸುದ್ದಿ ತಿಳಿದು, ಸೀರೆಯ ಮೇಲಿನ ಸುಣ್ಣದ ಕಡ್ಡಿಯ ಪುಡಿಯನ್ನೂ ಕೊಡವದೆ ಬಂದಿದ್ದಳು. ನರರೋಗದ ಡಾಕ್ಟರು ಧಾರವಾಡದ ಹೆಣ್ಣುಮಗಳು, ಮೆತ್ತಗೆ ಮಾತನಾಡುವವರು. ರಬ್ಬರಿನ ಸಣ್ಣ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ಬಡಿದರು. ಕಾಲು ಅಲ್ಲಾಡಲಿಲ್ಲ. ಇನ್ನೊಮ್ಮೆ ಬಡಿದರು. ಇನ್ನೊಂದು ಕಾಲಿಗೆ ಬಡಿದರು. ಯಾರದೋ ಕಾಲು ನೋಡುವವನಂತೆ ನಾನು ನೋಡುತ್ತ ಕುಳಿತಿದ್ದೆ.

"ಹದಿನೈದ ದಿನದ ಹಿಂದ ಹೊಟ್ಟಿ ಏನರ ಕೆಟ್ಟಿತ್ತೇನ್ರಿ?"

"ಹೌದ್ರಿ ಮೇಡಂ. ಎರಡ ದಿನ. ತಾನ ಆರಾಮಾತು."

"ಇದು ಜಿಬಿಎಸ್ ಅನ್ನೂ ನರದ ಬ್ಯಾನಿ ಇದ್ದಂಗ ಕಾಣಸ್ತದ. ಹೊಟ್ಟಿ ಸೋಂಕಿನ ಜೋಡಿ ಬಡದಾಡಲಿಕ್ಕೆ ಹೊಂಟ ನಿಮ್ಮ ಮೈಯಾಗಿನ ಶಕ್ತಿ, ಈಗ ನಿಮ್ಮ ನರಗಳನ್ನೇ ವೈರಿ ಅಂತ ತಿಳಕೊಂಡದ. ಕಾಲಿನಿಂದ ಮ್ಯಾಲೆ ಏರಕೋತ ಬರ್ತದ. ಬಹಳ ಮಂದಿಗೆ ಆರಾಮ ಆಗ್ತದ. ಆದ್ರ ವ್ಯಾಳ್ಯಾ ಹಿಡೀತದ."

"ಎಲ್ಲಿ ಮಟಾ ಏರತೈತ್ರಿ?" ರೇಣುಕಾ ಕೇಳಿದಳು.

ಡಾಕ್ಟರು ಉತ್ತರ ಹೇಳುವ ಮೊದಲು ನನ್ನ ಎದೆಯ ಕಡೆ ನೋಡಿದರು.

ಅವತ್ತಿನಿಂದ ನನಗೆ ಒಂದು ಪರೀಕ್ಷೆ ಶುರುವಾಯಿತು. ಒಂದೇ ಉಸಿರಿನಲ್ಲಿ ಎಷ್ಟು ಅಂಕಿ ಎಣಿಸುತ್ತೇನೆ ಎಂದು ನೋಡುವುದು. ಮೊದಲ ದಿನ ಇಪ್ಪತ್ತೆಂಟು. ಎರಡನೆಯ ದಿನ ಇಪ್ಪತ್ತೊಂದು. ಅವತ್ತು ರೊಟ್ಟಿ ಮುರಿಯಲು ಕೈ ಬರಲಿಲ್ಲ, ರೇಣುಕಾ ಮುರಿದು ಬಾಯಿಗೆ ಇಟ್ಟಳು. ಮೂರನೆಯ ದಿನ ಹದಿನಾಲ್ಕು. ಕುಡಿದ ನೀರು ಮೂಗಿನಿಂದ ಹೊರಗೆ ಬಂತು. ಸಲೈನಿನ ಜೊತೆ ಔಷಧ ಹನಿಹನಿಯಾಗಿ ಒಳಗೆ ಹೋಗುತ್ತಿತ್ತು. ಆದರೆ ರೋಗ ಅದಕ್ಕಿಂತ ಲಗುಬಗೆಯಿಂದ ಏರುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತೇ ಅಂಕಿ. ಮಧ್ಯಾಹ್ನ ಮತ್ತೆ ಎಣಿಸುವ ಹೊತ್ತಿಗೆ ಇಮಾಮಸಾಬ ನೋಡಲು ಬಂದಿದ್ದ. "ಸೀಟ್ ಎಣಿಸಿದಂಗ ಎಣಸಣ್ಣ, ನಡುವ ನಿಂದ್ರಬ್ಯಾಡ," ಎಂದು ತಾನೂ ಜೊತೆಗೆ ಎಣಿಸತೊಡಗಿದ. ಆರಕ್ಕೆ ನನ್ನ ದನಿ ನಿಂತಿತು. ಅವನು ಏಳು ಎಂದು, ನನ್ನ ಮುಖ ನೋಡಿ, ಬಾಯಿ ಮುಚ್ಚಿಕೊಂಡ.

ಡಾಕ್ಟರು ಬಂದು ಮಂಚದ ಅಂಚಿಗೆ ಕುಳಿತರು. "ಪರಶುರಾಮ ಅವರ, ಗಂಟಲದಾಗ ಟ್ಯೂಬ್ ಹಾಕಿ ಮಷಿನ್ ಹಚ್ಚಬೇಕಾಗ್ತದ."

"ತಿರುಗಿ ತಗೀತೀರಿಲ್ರಿ?"

"ತಗೀಲಿಕ್ಕೇ ಹಾಕ್ತೇವಿ."

ನಾನು ಕೇಳಿದ ಆ ಪ್ರಶ್ನೆಯೇ ಬಾಯಿಬಿಟ್ಟು ಆಡಿದ ಕೊನೆಯ ಮಾತು. ಮುಂದೆ ಬಹಳ ದಿನ ನನ್ನ ದನಿ ನನಗೇ ಕೇಳಲಿಲ್ಲ.

ಒಂದು ವಾರದೊಳಗೆ ಇಡೀ ಮೈ ಹೋಯಿತು. ಬೆರಳು, ಕತ್ತು, ತುಟಿ, ಕೆನ್ನೆ. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ, ಕಣ್ಣು ಒಣಗದಿರಲೆಂದು ರಾತ್ರಿ ಮುಲಾಮು ಹಚ್ಚಿ ಟೇಪ್ ಅಂಟಿಸುತ್ತಿದ್ದರು. ಆಮೇಲೆ ಗಂಟಲಿಗೆ ತೂತು ಕೊರೆದು, ಟ್ರೇಕಿಯಾಸ್ಟಮಿ ಮಾಡಿ, ವೆಂಟಿಲೇಟರಿನ ನಳಿಗೆಯನ್ನು ಅಲ್ಲಿಗೇ ಜೋಡಿಸಿದರು. ಕಣ್ಣುಗುಡ್ಡೆಗಳು ಮಾತ್ರ ನನ್ನ ಮಾತು ಕೇಳುತ್ತಿದ್ದವು. ಮೇಲೆ, ಕೆಳಗೆ, ಆ ಬದಿ, ಈ ಬದಿ. ಅಷ್ಟೇ.

ನಾವು ಬೌದ್ಧರು. ಸಣ್ಣವನಿದ್ದಾಗ ವಿಹಾರದಲ್ಲಿ ಕುಳ್ಳಿರಿಸಿ, ಒಳಗೆ ಹೋಗುವ ಉಸಿರು ನೋಡು, ಹೊರಗೆ ಬರುವ ಉಸಿರು ನೋಡು ಎಂದು ಕಲಿಸಿದ್ದರು. ಐಸಿಯುನಲ್ಲಿ ಅದನ್ನೇ ಮಾಡಲು ಹೋದೆ. ಆದರೆ ಆ ಉಸಿರು ನನ್ನದಲ್ಲ. ಮಷಿನ್ ತಳ್ಳಿದಾಗ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಬಾಡಿಗೆ ಮನೆಯಲ್ಲಿ ಕುಳಿತವನಂತೆ ಅದನ್ನು ನೋಡುತ್ತ ಮಲಗಿರುತ್ತಿದ್ದೆ. ಕಿವಿ ಮಾತ್ರ ಚೂಪಾಗಿತ್ತು. ಬುದ್ಧಿಗೆ ಏನೂ ಆಗಿರಲಿಲ್ಲ. ಇದನ್ನು ಬಂದವರಲ್ಲಿ ಬಹಳ ಜನ ಮರೆತುಬಿಡುತ್ತಿದ್ದರು. ನನ್ನ ಮೇಲೆ ಬಾಗಿ, ನಾನಿಲ್ಲದಂತೆ ನನ್ನ ಬಗ್ಗೆ ಮಾತಾಡಿ ಹೋಗುತ್ತಿದ್ದರು.

ರೇಣುಕಾ ಮರೆಯಲಿಲ್ಲ. ಕಣ್ಣು ಮೇಲೆ ಮಾಡಿದರೆ ಹೌದು, ಪಕ್ಕಕ್ಕೆ ಹೊರಳಿಸಿದರೆ ಅಲ್ಲ ಎಂದು ಆಕೆಯೇ ಕರಾರು ಮಾಡಿದಳು. ಆಮೇಲೆ ತನ್ನ ಒಂದನೇ ಕ್ಲಾಸನ್ನೇ ಐಸಿಯುಗೆ ತಂದಳು. "ಸ್ವರ ಏನ್ರಿ?" ಎಂದು ಕೇಳಿ, ಅ, ಆ, ಇ, ಈ ಎಂದು ಹೇಳುತ್ತ ಹೋಗುವಳು. ಬೇಕಾದ ಅಕ್ಷರಕ್ಕೆ ನಾನು ಕಣ್ಣು ಮೇಲೆತ್ತಬೇಕು. ವ್ಯಂಜನವಾದರೆ ಮೊದಲು ಸಾಲು. ಕ ಸಾಲೇ, ಚ ಸಾಲೇ, ಟ ಸಾಲೇ. ಸಾಲು ಸಿಕ್ಕ ಮೇಲೆ ಅದರೊಳಗಿನ ಅಕ್ಷರ. ಮೊದಲ ಸಲ ನಾನು ಹೇಳಿದ್ದು 'ಸೆಕಿ'. ಆ ಎರಡು ಅಕ್ಷರಕ್ಕೆ ಹತ್ತು ನಿಮಿಷ ಹಿಡಿಯಿತು. ಆಕೆ ಹೊದಿಕೆ ತೆಗೆದಾಗ ನನಗಾದ ಸುಖವನ್ನು ಹೇಳಲು ಯಾವ ವರ್ಣಮಾಲೆಯೂ ಸಾಲದು.

ಬೆಳಿಗ್ಗೆ ಹನ್ನೊಂದಕ್ಕೆ ಮನೆಯವರನ್ನು ಬಿಡುತ್ತಿದ್ದರು. ಒಬ್ಬರ ನಂತರ ಒಬ್ಬರು, ತಲಾ ಹತ್ತು ನಿಮಿಷ. ರೇಣುಕಾ ಹೋದ ಮೇಲೆ ನನ್ನ ಅಕ್ಕ ಬರುತ್ತಿದ್ದಳು. ಶಾಂತಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ಶಿರಗುಪ್ಪಿಗೆ ಕೊಟ್ಟ ಹೆಣ್ಣು. ನಮ್ಮವ್ವ ಬೇಗ ತೀರಿಕೊಂಡಿದ್ದಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆಕೆಗೆ ಅಕ್ಷರವಿಲ್ಲ, ನನಗೆ ಮಾತಿಲ್ಲ. ಸುಮ್ಮನೆ ಕೈ ಹಿಡಿದು ಕೂಡುತ್ತಿದ್ದಳು.

ಮೂರನೆಯ ವಾರ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕರಿದ್ದರು. ಡಾಕ್ಟರು ತಮ್ಮ ಕೈಕೆಳಗಿನ ಹುಡುಗ ಡಾಕ್ಟರುಗಳಿಗೆ ಅವರ ಕಾಲು ತೋರಿಸಿ ಹೇಳುತ್ತಿದ್ದರು. "ಒಂದ ಕಾಲು ಬಾತದ, ಬಿಸಿ ಅದ, ನೋಡ್ರಿ. ಬಹಳ ದಿನ ಅಲ್ಲಾಡದೆ ಮಲಗಿದ್ರ ಒಳಗ ರಕ್ತ ಹೆಪ್ಪುಗಟ್ಟತದ. ಇದನ್ನ ಯಾರೂ ತಿಕ್ಕಬಾರದು. ತಿಕ್ಕಿದ್ರ ಆ ಹೆಪ್ಪು ಕಡಕೊಂಡು ನೇರ ಶ್ವಾಸಕೋಶಕ್ಕ ಹೋಗ್ತದ. ಆಮ್ಯಾಲೆ ನಮ್ಮ ಕೈಯಾಗ ಏನೂ ಉಳಿಯೂದಿಲ್ಲ."

ಸಂಜೆ ಆ ಹಾಸಿಗೆ ಖಾಲಿಯಾಯಿತು. ವಾರ್ಡಿಗೆ ಒಯ್ದರೋ, ಬೇರೇನಾಯಿತೋ ನನಗೆ ಗೊತ್ತಾಗಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ಮರುದಿನ ಶಾಂತಕ್ಕ ನರ್ಸಿನ ಒಪ್ಪಿಗೆ ಪಡೆದು ನನ್ನ ಕೈಕಾಲಿಗೆ ಮೆತ್ತಗೆ ಎಣ್ಣೆ ಸವರಿದಳು. ಬಾಯಿಮಾತಿನಲ್ಲಿ ಹೇಳತೀರದಷ್ಟು ಹಾಯೆನಿಸಿತು. ಹೋಗುವಾಗ ಅಂದಳು: "ನಾಳೆ ಮನಿಯಿಂದ ಔಡಲೆಣ್ಣಿ ಕಾಸಿಕೊಂಡು ತರ್ತೇನಿ ತಮ್ಮಾ. ಗಟ್ಟಿಯಾಗಿ ತಿಕ್ಕಿದ್ನೆಂದ್ರ ನರ ಸಡ್ಲಾಗ್ತಾವು."

ಮರುದಿನ ಬೆಳಕು ಹರಿಯುವ ಹೊತ್ತಿಗೆ ನನ್ನ ಎಡಗಾಲಿನ ಮೀನಖಂಡ ನೋಯಲು ಹತ್ತಿತ್ತು.

ನೋವು ನನಗೆ ಹೊಸದಲ್ಲ. ಈ ರೋಗದಲ್ಲಿ ಮೈ ಅಲ್ಲಾಡುವುದಿಲ್ಲ, ಆದರೆ ನರಗಳು ಸುಡುತ್ತಿರುತ್ತವೆ. ಎಲ್ಲರಿಗೂ ಅದು ಗೊತ್ತಿತ್ತು, ಅದಕ್ಕೇ ನನ್ನ ನೋವಿನ ಬಗ್ಗೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಆದರೆ ಇದು ಬೇರೆ. ಇದು ಒಂದೇ ಕಡೆ ಕುಳಿತಿತ್ತು. ಬಿಗಿಯಾಗಿ, ಬಿಸಿಯಾಗಿ, ಒಳಗಿನಿಂದ ಯಾರೋ ಹಿಂಡುತ್ತಿರುವಂತೆ. ಮೊನ್ನೆ ಡಾಕ್ಟರು ಹೇಳಿದ ಒಂದೊಂದು ಮಾತೂ ನೆನಪಾಯಿತು. ಒಂದು ಕಾಲು. ಬಿಸಿ. ತಿಕ್ಕಬಾರದು.

ಡಾಕ್ಟರು ಒಂಬತ್ತಕ್ಕೆ ಬಂದರು. ಮಷಿನ್ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು. ನಾನು ಕಣ್ಣುಗಳನ್ನು ಕಾಲಿನ ಕಡೆ ತಳ್ಳಿದೆ. ಮತ್ತೆ ಮತ್ತೆ ತಳ್ಳಿದೆ. "ಕಣ್ಣಿನ ಚಲನೆ ಛಲೋ ಅದ," ಎಂದು ಅವರು ಹುಡುಗ ಡಾಕ್ಟರಿಗೆ ಹೇಳಿದರು. ಕಾಲಿನ ಮೇಲೆ ಹೊದಿಕೆ ಇತ್ತು. ಅವರು ಮುಂದಿನ ಹಾಸಿಗೆಗೆ ಹೋದರು.

ಇನ್ನು ಉಳಿದದ್ದು ರೇಣುಕಾಳ ಹತ್ತು ನಿಮಿಷ. ಆಮೇಲೆ ಎಣ್ಣೆ.

ಎರಡು ತಾಸು ನಾನು ಶಬ್ದ ಹುಡುಕಿದೆ. ಎಡಗಾಲು ಎಂದು ಹೇಳಲೇ? ಉದ್ದವಾಗುತ್ತದೆ. ನೋವು ಎಂದರೆ ನರ್ಸಿಗೆ ಹೇಳಿ ನೋವಿನ ಇಂಜೆಕ್ಷನ್ ಕೊಡಿಸುತ್ತಾಳೆ, ನಾನು ಮಂಪರಿಗೆ ಜಾರುತ್ತೇನೆ, ಅಕ್ಕ ನೆಮ್ಮದಿಯಿಂದ ತಿಕ್ಕುತ್ತಾಳೆ. ಕೊನೆಗೆ 'ಎಣ್ಣಿ ಬ್ಯಾಡ' ಎಂದು ನಿಶ್ಚಯ ಮಾಡಿದೆ. ನಾಲ್ಕೇ ಅಕ್ಷರ.

ಹನ್ನೊಂದಕ್ಕೆ ರೇಣುಕಾ ಬಂದಳು. ನನ್ನ ಕಣ್ಣು ನೋಡಿದ ಕೂಡಲೇ, "ಏನೋ ಹೇಳೂದೈತಿ ಹೌದಿಲ್ರಿ?" ಎಂದಳು. ಮೇಲೆ ನೋಡಿದೆ. ಅ, ಆ, ಇ, ಈ, ಉ, ಊ, ಋ, ಎ. ಮೇಲೆ ನೋಡಿದೆ. ನಡುವೆ ನರ್ಸ್ ಬಂದು ಗಂಟಲಿನ ಕಫ ತೆಗೆದಳು. ಮೂರು ನಿಮಿಷ ಅದಕ್ಕೇ ಹೋಯಿತು. ಮತ್ತೆ ಶುರು. ಕ ಸಾಲೇ? ಚ ಸಾಲೇ? ಟ ಸಾಲೇ? ಮೇಲೆ. ಟ, ಠ, ಡ, ಢ, ಣ. ಮೇಲೆ.

"ಎ... ಣ..." ಆಕೆಯ ಮುಖ ಅರಳಿತು. "ಎಣ್ಣಿ! ಎಣ್ಣಿ ಹಚ್ಚಬೇಕೇನ್ರಿ? ನಿನ್ನಿ ಹಚ್ಚಿದ್ದು ಹಿತಾ ಆತೇನು? ಶಾಂತಕ್ಕ ಹೊರಗ ಹಿಡಕೊಂಡ ನಿಂತಾಳ. ತಡೀರಿ, ಈಗ ಕಳಸ್ತೇನಿ."

ಅಲ್ಲ. ಅಲ್ಲ. ಅಲ್ಲ. ನಾನು ಕಣ್ಣುಗಳನ್ನು ಆ ಬದಿ ಈ ಬದಿ ಹೊಡೆದೆ.

ಆಕೆ ಅಷ್ಟರಲ್ಲಿ ಬೆನ್ನು ತಿರುಗಿಸಿದ್ದಳು.

ಬಾಗಿಲು ಮುಚ್ಚಿತು. ಬಾಗಿಲು ತೆರೆಯಿತು. ಶಾಂತಕ್ಕ ಬಂದಳು, ಕೈಯಲ್ಲಿ ಮುಚ್ಚಳ ಹಾಕಿದ ಸ್ಟೀಲಿನ ಬಟ್ಟಲು. "ನೀನ ಕೇಳಿದಿ ಅಂತಲ್ಲೋ," ಎಂದಳು. ಬಹಳ ಸಂತೋಷವಾಗಿತ್ತು ಆಕೆಗೆ. ತೋಳು ಏರಿಸಿಕೊಂಡಳು. ಬಲಗಾಲಿನ ಹೊದಿಕೆ ಸರಿಸಿ ಪಾದದಿಂದ ಮೊದಲು ಮಾಡಿದಳು.

ಬಲಗಾಲು. ಇನ್ನೂ ಸ್ವಲ್ಪ ಹೊತ್ತು ಇದೆ.

ಎಮ್ಮೆ ಕಾದ, ಸೌದೆ ಒಡೆದ ಕೈ ಅದು. ಪಾದದಿಂದ ಮೊಣಕಾಲಿನವರೆಗೆ ಒತ್ತಿ ಒತ್ತಿ ಎಳೆಯುತ್ತಿದ್ದಳು. ನಾನು ಸಣ್ಣವನಿದ್ದಾಗ ಬೇಲಿ ಹಾರಿ ಕಾಲು ಮುರಿದುಕೊಂಡ ಕಥೆ ಹೇಳುತ್ತಿದ್ದಳು. ಆ ಒತ್ತಡ ಎಡಗಾಲಿನ ಮೇಲೆ ಬಿದ್ದರೆ ಏನಾಗುತ್ತದೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನ್ನನ್ನು ಈ ಲೋಕದಲ್ಲಿ ಎಲ್ಲರಿಗಿಂತ ಮೊದಲು ಎತ್ತಿಕೊಂಡ ಕೈಯಿಂದಲೇ ನಾನು ಸಾಯುತ್ತೇನೆ, ಆಮೇಲೆ ಆಕೆ ಬದುಕಿರುವವರೆಗೂ ಆ ಕೈಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಸಾವಿಗಿಂತ ಈ ಯೋಚನೆಗೇ ಹೆಚ್ಚು ಹೆದರಿದೆ. ಒಳಗೆ ಕೂಗಿದೆ. ಮೈಯ ಪ್ರತಿಯೊಂದು ಸ್ನಾಯುವಿಗೂ ಅಪ್ಪಣೆ ಕೊಟ್ಟೆ. ಒಂದು ಬೆರಳೂ ಏಳಲಿಲ್ಲ.

ಬಲಗಾಲು ಮುಗಿಯಿತು. ಶಾಂತಕ್ಕ ಹಾಸಿಗೆ ಸುತ್ತಿ ಈ ಕಡೆ ಬಂದಳು. ಹೊದಿಕೆ ಸರಿಸಿದಳು. ಬೊಗಸೆಗೆ ಎಣ್ಣೆ ಸುರಿದುಕೊಂಡಳು.

ನನ್ನ ಕಣ್ಣಿಂದ ನೀರು ಇಳಿಯಿತು. ಅದು ನಾನು ಮಾಡಿದ್ದಲ್ಲ. ತಾನೇ ಬಂತು.

ಆಕೆ ಮುಖ ಎತ್ತಿ ನೋಡಿದಳು. "ಯಾಕೋ ತಮ್ಮಾ? ನೋವಾಗಾಕತ್ತೈತೇನ?"

ಮೇಲೆ ನೋಡಿದೆ. ಆ ಕರಾರು ಆಕೆಗೆ ಗೊತ್ತಿರಲಿಲ್ಲ. ಕಣ್ಣುಗುಡ್ಡೆ ಮೇಲೆ ಹೋದದ್ದನ್ನು ಕಂಡು ಬೆದರಿದಳು. ಒಂದು ಕೈ ನನ್ನ ಎಡಗಾಲಿನ ಮೀನಖಂಡದ ಮೇಲೆ ಇತ್ತು. ಅಲ್ಲೇ ನಿಂತಿತು.

ಅಂಗೈ ತಿರುಗಿಸಿ ಹಿಂಗೈಯಿಂದ ಮುಟ್ಟಿದಳು. ಬಲಗಾಲನ್ನು ಮುಟ್ಟಿದಳು. ಮತ್ತೆ ಎಡಗಾಲು.

"ಈ ಕಾಲು ಯಾಕ ಇಷ್ಟ ಬಿಸಿ ಐತಿ? ಬಾತೈತಿ ನೋಡ..."

ಕೈ ತೆಗೆದಳು. ಹೊಲದ ಈ ಬದುವಿನಿಂದ ಆ ಬದುವಿಗೆ ಕರೆಯುವ ದನಿಯಲ್ಲಿ ಕೂಗಿದಳು. "ಏ ತಂಗೀ! ಸಿಸ್ಟರ! ಇಲ್ಲಿ ಬಾರವಾ! ಲಗೂ ಬಾ!"

ನರ್ಸ್ ಓಡಿ ಬಂದಳು. ಕಾಲು ನೋಡಿದಳು. ಫೋನಿನತ್ತ ಹೋದಳು. ಅರ್ಧ ತಾಸಿನಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಷಿನ್ ನನ್ನ ಹಾಸಿಗೆಗೇ ಬಂತು. ಡಾಕ್ಟರು ಪರದೆ ನೋಡುತ್ತಲೇ ಕೇಳಿದರು. "ತೊಡಿ ಮಟಾ ಹೆಪ್ಪುಗಟ್ಟೇದ. ಯಾರರ ತಿಕ್ಕ್ಯಾರೇನು?"

"ನಿನ್ನಿ ಬರೇ ಸವರೇನ್ರಿ. ಇವತ್ತ ಬಲಗಾಲಷ್ಟ," ಎಂದಳು ಶಾಂತಕ್ಕ. "ಇದನ್ನೂ ತಿಕ್ಕಾಕಿ ಇದ್ದೆ. ಎಮ್ಮಿ ಕೆಚ್ಚಲ ಬಾತಾಗ ಹಿಂಗ ಬಿಸಿ ಆಕ್ಕೈತ್ರಿ. ಅದನ್ನ ತಿಕ್ಕಬಾರದು ಅಂತ ನಮ್ಮತ್ತಿ ಹೇಳ್ಯಾಳ. ಅದಕ್ಕ ಕೈ ತಗದೆ."

ಡಾಕ್ಟರು ನನ್ನ ಚಾರ್ಟ್ ತಿರುವಿ ನೋಡಿದರು. ಹೆಪ್ಪುಗಟ್ಟದಂತೆ ದಿನಾಲೂ ಇಂಜೆಕ್ಷನ್ ಕೊಡುತ್ತಿದ್ದರೂ ಹೀಗಾಗಿತ್ತು. ಆಮೇಲೆ ಅಕ್ಕನ ಕಡೆ ತಿರುಗಿ, "ನಿಮ್ಮತ್ತಿಯವರು ಖರೇ ಹೇಳ್ಯಾರ," ಎಂದರು.

ರಕ್ತ ತೆಳುವಾಗಿಸುವ ಔಷಧ ಶುರುವಾಯಿತು. ಗಂಡಾಂತರ ಮುಗಿದಿರಲಿಲ್ಲ. ಹೆಪ್ಪು ಕರಗುವುದಕ್ಕೆ ಮೊದಲು ಜಾರಬಹುದು ಎಂದಿದ್ದರು. ಮೂರನೆಯ ದಿನ ಮಧ್ಯಾಹ್ನ ಎದೆಯಲ್ಲಿ ಚೂರಿ ಇಟ್ಟಂತಾಯಿತು. ಮಾನಿಟರ್ ಚೀರತೊಡಗಿತು. ನನ್ನನ್ನು ಸಿಟಿ ಸ್ಕ್ಯಾನಿಗೆ ತಳ್ಳಿಕೊಂಡು ಓಡುವಾಗ ಮೇಲಿನ ದೀಪಗಳು ಒಂದರ ಹಿಂದೆ ಒಂದು ಹಿಂದಕ್ಕೆ ಸರಿಯುತ್ತಿದ್ದವು. ಪ್ರತಿಯೊಂದನ್ನೂ ಇದೇ ಕೊನೆಯದು ಎಂದುಕೊಂಡೇ ನೋಡಿದೆ.

"ಸಣ್ಣ ತುಣುಕು ಹೋಗೇದ. ಸಣ್ಣದು," ಎಂದರು ಡಾಕ್ಟರು. "ಎಲ್ಲಾ ಕಡಕೊಂಡು ಹೋಗಿತ್ತಂದ್ರ..."

ಆ ದಿನಗಳಲ್ಲಿ ರೇಣುಕಾ ಬರುತ್ತಿದ್ದಳು, ಆದರೆ ನನ್ನ ಕಣ್ಣು ನೋಡುತ್ತಿರಲಿಲ್ಲ. ಸಲೈನ್ ನೋಡುವಳು, ನೆಲ ನೋಡುವಳು. ಕಣ್ಣಷ್ಟೇ ಉಳಿದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಐದಾರು ದಿನ ಕಾದೆ. ಒಂದು ದಿನ ಆಕೆ ಕೊನೆಗೂ ನೋಡಿದಾಗ, ಹೇಳುವುದಿದೆ ಎಂದು ಕಣ್ಣು ಮೇಲೆತ್ತಿದೆ. ಅಕ್ಷರ ಒಂದೊಂದಾಗಿ ಬಂದವು. ಅ. ಳ. ಬ. ಅಲ್ಲಿಗೆ ಆಕೆಗೆ ತಿಳಿದಿತ್ತು, ಆದರೂ ಬಾಯಿ ಹಾಕಲಿಲ್ಲ. ಡ ಬರುವವರೆಗೆ ಕಾದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ನಾನು ಬೇಡವೆಂದದ್ದನ್ನೇ ಮಾಡಿದಳು.

"ನಾನ ಕಳಸಿದ್ದೆನ್ರಿ. ನಿಮ್ಮ ಮಾತು ಪೂರಾ ಕೇಳಲಿಲ್ಲ."

ಎರಡನೆಯ ತಿಂಗಳ ಮೊದಲಿಗೆ ಎಡಗೈ ಹೆಬ್ಬೆರಳು ಅಲ್ಲಾಡಿತು. ಅದನ್ನು ನೋಡಲು ಐಸಿಯುನ ನರ್ಸುಗಳೆಲ್ಲ ಬಂದರು. ಮಷಿನನ್ನು ಮೊದಲು ಐದು ನಿಮಿಷ ತೆಗೆದರು, ಆಮೇಲೆ ಹತ್ತು, ಆಮೇಲೆ ಒಂದು ತಾಸು. ಆ ಮೊದಲ ಐದು ನಿಮಿಷ ಮುಳುಗುತ್ತಿರುವವನಂತೆ ಗಾಳಿಗಾಗಿ ಬಡಿದಾಡಿದೆ. ಆದರೆ ಆ ಉಸಿರು ನನ್ನದು. ಗಂಟಲಿನ ನಳಿಗೆ ತೆಗೆದ ದಿನ, ಹತ್ತನೇ ಕ್ಲಾಸಿನ ನನ್ನ ಮಗಳು ಭೂಮಿಕಾ, "ಪಪ್ಪಾ, ಏನರ ಮಾತಾಡು," ಎಂದು ಕೈಕಟ್ಟಿ ನಿಂತಳು. ದೊಡ್ಡದೇನೋ ಹೇಳಬೇಕೆಂದು ದಿನಗಟ್ಟಲೆ ಯೋಚಿಸಿಟ್ಟಿದ್ದೆ. ಬಾಯಿಂದ ಬಂದದ್ದು 'ಚಹಾ'.

ಈಗ ಕೋಲು ಹಿಡಿದು ನಡೆಯುತ್ತೇನೆ. ಪಾದದ ಸ್ಪರ್ಶ ಪೂರ್ತಿ ಮರಳಿಲ್ಲ, ಮರಳದೆಯೂ ಇರಬಹುದು ಎಂದಿದ್ದಾರೆ. ಬಸ್ಸು ಓಡಿಸುವುದು ಮುಗಿಯಿತು. ಡಿಪೋದಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟಿದ್ದಾರೆ. ಮೊದಮೊದಲು ಬಸ್ಸುಗಳು ಹೊರಡುವ ಸದ್ದಿಗೆ ಕಾಲು ತಾನೇ ಬ್ರೇಕ್ ಹುಡುಕುತ್ತಿತ್ತು. ಈಗ ಅಷ್ಟಿಲ್ಲ. ಈ ರೋಗ ಮತ್ತೆ ಬರುವುದು ಅಪರೂಪವಂತೆ. ಬರುವುದೇ ಇಲ್ಲ ಎಂದು ಮಾತ್ರ ಯಾರೂ ಹೇಳಲಿಲ್ಲ. ಕಾಲಿಗೆ ಜೋಮು ಹಿಡಿದಾಗಲೆಲ್ಲ ಉಸಿರು ಬಿಗಿಹಿಡಿದು ಕೂಡುತ್ತೇನೆ. ಜೋಮು ಬಿಟ್ಟ ಮೇಲೆ ಎದ್ದು ಎರಡು ಹೆಜ್ಜೆ ಹಾಕುತ್ತೇನೆ.

ಹೋದ ವಾರ ಡಾಕ್ಟರು ಫೋನ್ ಮಾಡಿದ್ದರು. "ನಿಮ್ಮದೇ ಕಾಯಿಲೆ, ಒಬ್ಬ ಹೆಣ್ಣುಮಗಳು. ಬಂದು ಕೂಡ್ತೀರೇನು?"

ಹೋದೆ. ಸುಳ್ಳದ ಕಡೆಯ ಒಕ್ಕಲುತನದ ಹೆಂಗಸು, ಐವತ್ತರ ಆಸುಪಾಸು. ಮಷಿನ್ ಎದೆ ಏಳಿಸುತ್ತಿತ್ತು, ಇಳಿಸುತ್ತಿತ್ತು. ಮಗ್ಗುಲಲ್ಲಿ ನಿಂತಿದ್ದ ಆಕೆಯ ಗಂಡ ನನಗೆ ಹೇಳಿದ: "ಇಕಿಗೆ ಏನೂ ತಿಳಿಯಂಗಿಲ್ರಿ. ಬರೇ ಕಣ್ಣ ಬಿಡತಾಳ."

ನಾನು ಕುರ್ಚಿಯನ್ನು ಆಕೆಗೆ ನನ್ನ ಮುಖ ಕಾಣುವಲ್ಲಿಗೆ ಎಳೆದುಕೊಂಡು ಕುಳಿತೆ.

"ಅಕ್ಕಾರ, ನಾನೂ ಹಿಂಗ ಮಲಗಿದ್ದೆ. ಇದ ಆಸ್ಪತ್ರ್ಯಾಗ. ನಿಮಗ ಎಲ್ಲಾ ಕೇಳಸಾಕತ್ತೈತಿ ಅಂತ ನನಗ ಗೊತ್ತೈತಿ."

ಆಕೆಯ ಕಣ್ಣು ನಿಧಾನವಾಗಿ ನನ್ನತ್ತ ಹೊರಳಿತು. ತುಂಬಿಕೊಂಡಿತು. ನೀರು ಕಿವಿಯ ಕಡೆ ಇಳಿಯತೊಡಗಿತು. ಅದನ್ನು ಒರೆಸಿಕೊಳ್ಳಲು ಆಕೆಗೆ ಕೈ ಬರುವುದಿಲ್ಲ.

ನಾನು ಒರೆಸಿದೆ. ಆಮೇಲೆ, ಹೌದಿಗೆ ಕಣ್ಣು ಮೇಲೆ, ಅಲ್ಲಕ್ಕೆ ಪಕ್ಕಕ್ಕೆ ಎಂದು ಆಕೆಗೂ ಗಂಡನಿಗೂ ಹೇಳಿಕೊಡತೊಡಗಿದೆ.